ಓದುಗರ ಪ್ರಶ್ನೆ: ರೇಷ್ಮೆ ಬೆಳೆಗಾರ ಉಳಿಯಲು ಆಮದು ಸುಂಕ ಏರಿಸಿದರೆ ಸಾಲದೇ?

ಗೂಡಿನ ಬೆಲೆ ಕುಸಿದಾಗಲೆಲ್ಲ ಮಳವಳ್ಳಿ, ಮದ್ದೂರು, ತಿ. ನರಸೀಪುರದ ಕಡೆಯಿಂದ ಈ ಪ್ರಶ್ನೆ ಬರುತ್ತದೆ. ಹಳ್ಳಿಯ ಕಸುಬು ಉಳಿಯಬೇಕೆಂಬ ಗುರಿಗೆ ನನ್ನ ತಕರಾರಿಲ್ಲ. ವ್ಯಾಪಾರ ನೀತಿಗೆ ಹಣದಾಚೆಗಿನ ಗುರಿಗಳು ಇರಬಾರದೆಂದು ಅರ್ಥಶಾಸ್ತ್ರ ಹೇಳುವುದೂ ಇಲ್ಲ. ನನ್ನ ತಕರಾರು ಪ್ರಶ್ನೆಯ ಬಾಲದಲ್ಲಿ ಸದಾ ಅಂಟಿಕೊಂಡಿರುವ ಮಾತಿನ ಬಗ್ಗೆ: "ಸುಂಕ ಕಟ್ಟುವವರು ಚೀನಾದವರು, ನಮ್ಮ ಗಂಟೇನು ಹೋಗುತ್ತದೆ?"

ಎಷ್ಟು ಸಲ ಉತ್ತರಿಸಿದರೂ ಈ ಮಾತು ಮತ್ತೆ ತಲೆ ಎತ್ತುವುದರಿಂದ ಲೆಕ್ಕ ಹಾಕಿಯೇ ನೋಡೋಣ. ಬಂದರಿನಲ್ಲಿ ಸುಂಕ ಕಟ್ಟಿ ಸರಕು ಬಿಡಿಸಿಕೊಳ್ಳುವವನು ಭಾರತದ ಆಮದುದಾರ. ಕಿಲೋ ಕಚ್ಚಾ ರೇಷ್ಮೆ, ಅಂದರೆ ಗೂಡಿನಿಂದ ಬಿಚ್ಚಿದ ನೂಲು, 4,000 ರೂಪಾಯಿಗೆ ಬಂತೆಂದು ಇಟ್ಟುಕೊಳ್ಳಿ. ಶೇ 15ರ ಸುಂಕ ಸೇರಿ ಅದು 4,600 ಆಗುತ್ತದೆ. ಮಾರುವವನು ತನ್ನ ಬೆಲೆ ಇಳಿಸಿದರೆ ಇಳಿಸಿದಷ್ಟು ಮಾತ್ರ ಅವನ ಹೊರೆ. ಉಳಿದದ್ದು ಮಗ್ಗದವನ ಖರ್ಚಿಗೂ ಅಲ್ಲಿಂದ ಸೀರೆಯ ಬೆಲೆಗೂ ಸೇರುತ್ತದೆ. ಅಷ್ಟೇ ಅಲ್ಲ, ಹೊರಗಿನ ನೂಲು ತುಟ್ಟಿಯಾದೊಡನೆ ರಾಮನಗರದ ನೂಲೂ ಏರುವುದರಿಂದ, ಸುಂಕವನ್ನೇ ಕಾಣದ ನೂಲಿಗೂ ನೇಕಾರ ಹೆಚ್ಚು ತೆರುತ್ತಾನೆ. ಗೂಡಿಗೆ ಬೆಲೆ ಬರುವುದು ಈ ದಾರಿಯಲ್ಲಿಯೇ. 2011ರ ಕೇಂದ್ರ ಬಜೆಟ್ಟಿನಲ್ಲಿ ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಬಿದ್ದದ್ದನ್ನು ನಮ್ಮ ರೈತರು ಮರೆತಿಲ್ಲ. ಸುಂಕ ಬೆಳೆಗಾರನನ್ನು ಕಾಯುತ್ತದೆ, ಆದರೆ ಕಾವಲಿನ ಕೂಲಿಯನ್ನು ಕೊಡುವವನು ನಮ್ಮ ನೇಕಾರ.

1969ರಲ್ಲಿ ಅರ್ಥಶಾಸ್ತ್ರಜ್ಞರಾದ ಜಗದೀಶ್ ಭಗವತಿ ಮತ್ತು ಟಿ.ಎನ್. ಶ್ರೀನಿವಾಸನ್ ತೋರಿಸಿಕೊಟ್ಟದ್ದು ಇದನ್ನೇ: ಗುರಿ ಎಲ್ಲಿದೆಯೋ ಅಲ್ಲಿಗೇ ನೇರವಾಗಿ ತಾಗುವ ಸಾಧನದಿಂದ ನಷ್ಟ ಅತಿ ಕಡಿಮೆ. ಬೆಳೆ ಉಳಿಯಬೇಕಾದರೆ ಬೆಳೆಗೇ ನೆರವು ಕೊಡಬೇಕು. ದ್ವಿತಳಿ (ಉತ್ತಮ ನೂಲು ಕೊಡುವ ತಳಿಯ) ಗೂಡಿಗೆ ಕಿಲೋ ಲೆಕ್ಕದಲ್ಲಿ ಕೊಡುವ ಪ್ರೋತ್ಸಾಹಧನ, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ (ಅವು ಗೂಡು ಕಟ್ಟುವ ತಟ್ಟೆಗೆ) ಬಿಡಲು ನಿದ್ದೆಗೆಡುವ ಮನೆಗೆ ನೇರವಾಗಿ ತಲುಪುತ್ತದೆ. ನೂಲಿನ ಬೆಲೆಯೂ ಏರುವುದಿಲ್ಲ. ಆದರೆ ಪ್ರೋತ್ಸಾಹಧನಕ್ಕೆ ಬೊಕ್ಕಸದಿಂದ ಹಣ ತೆಗೆಯಬೇಕು, ಸುಂಕವಾದರೋ ಬೊಕ್ಕಸಕ್ಕೆ ಹಣ ತರುತ್ತದೆ. ಸರ್ಕಾರಗಳಿಗೆ ಸುಂಕ ಹಿಡಿಸುವುದು ಇದರಿಂದಲೇ.

ಹಾಗಾದರೆ ಸುಂಕವೇ ಸರಿಯಾದ ಸಾಧನವಾಗುವ ಸಂದರ್ಭ ಇದೆಯೇ? ಇದನ್ನು ಯಾರೂ ಕೇಳಿಲ್ಲವಾದರೂ ಕೇಳಬೇಕಾದ ಪ್ರಶ್ನೆ. ಇದೆ: ಆಮದನ್ನು ತಗ್ಗಿಸುವುದೇ ಗುರಿಯಾಗಿದ್ದರೆ, ಅಂದರೆ ಒಂದೇ ದೇಶದ ನೂಲನ್ನು ನಂಬಿ ಕೂರಬಾರದೆಂದು ನಾವು ತಿಳಿದೇ ನಿರ್ಧರಿಸಿದ್ದರೆ, ಭಗವತಿ ಮತ್ತು ಶ್ರೀನಿವಾಸನ್ ಅವರ ಲೆಕ್ಕದಲ್ಲೂ ಸುಂಕವೇ ಸರಿ. 2021ರಲ್ಲಿ ಸುಂಕವನ್ನು ಶೇ 10ರಿಂದ ಶೇ 15ಕ್ಕೆ ಏರಿಸಿದ್ದನ್ನು ಸ್ವಾವಲಂಬನೆಯ ಹೆಸರಿನಲ್ಲಿ ಸಮರ್ಥಿಸಬಹುದು. ಬೆಳೆಗಾರನ ಹೆಸರಿನಲ್ಲಿ ಸಮರ್ಥಿಸುವುದಾದರೆ, ಕೊಳ್ಳೇಗಾಲದ ಮಗ್ಗಗಳ ಖರ್ಚನ್ನೂ ಅದೇ ಹಾಳೆಯಲ್ಲಿ ಬರೆದುಕೊಳ್ಳಬೇಕು.