ಎಡಗಡೆ ಆಳ, ಬಲಗಡೆ ಬರೀ ಗೀರು: ದಯವಿಟ್ಟು ಸ್ಟೆಪ್ಸ್ ಮುಟ್ಟಬೇಡಿ

ಪ್ರಶ್ನೆ: ನನ್ನ ಸಿಎನ್‌ಸಿ ರೂಟರ್‌ನಲ್ಲಿ (ಕಂಪ್ಯೂಟರ್ ನಡೆಸುವ ಮರ ಕೆತ್ತುವ ಯಂತ್ರ) ವಿ-ಬಿಟ್ (ವಿ ಆಕಾರದ ಕೆತ್ತುವ ಮೊನೆ) ಹಾಕಿ ಹೆಸರಿನ ಫಲಕ ಕೆತ್ತಿದರೆ ಎಡಗಡೆ ಅಕ್ಷರ ದಪ್ಪಗೆ ಬರುತ್ತದೆ. ಬಲಕ್ಕೆ ಹೋಗ್ತಾ ಹೋಗ್ತಾ ಬರೀ ಗೀರು. ಝಡ್ ಸ್ಟೆಪ್ಸ್ (ಬಿಟ್ ಒಂದು ಮಿ.ಮೀ. ಏರಲು ಇಳಿಯಲು ಮೋಟರ್ ಇಡುವ ಹೆಜ್ಜೆಗಳ ಲೆಕ್ಕ) ಬದಲಾಯಿಸಿ ನೋಡಿದೆ, ಆದರೂ ಸರಿಹೋಗಿಲ್ಲ. ಇನ್ನೆಷ್ಟಕ್ಕೆ ಇಡಲಿ?

ಉತ್ತರ: ಮೊದಲು ಎಷ್ಟಿತ್ತೋ ಅಷ್ಟಕ್ಕೇ ಇಡಿ. ಆಳ ಏರುಪೇರಾಯಿತು ಅಂದ ತಕ್ಷಣ ಎಲ್ಲರ ಕೈಯೂ ಸೀದಾ ಅಲ್ಲಿಗೇ ಹೋಗುತ್ತದೆ. ಯಾಕೋ ಗೊತ್ತಿಲ್ಲ. ಹೇಳಿ ಹೇಳಿ ಸಾಕಾಗಿದೆ, ಇವತ್ತು ಲೆಕ್ಕವನ್ನೇ ಹಾಕಿಬಿಡೋಣ.

ಸಾಮಾನ್ಯ ಸ್ಟೆಪ್ಪರ್ ಮೋಟರ್ ಒಂದು ಸುತ್ತಿಗೆ 200 ಸ್ಟೆಪ್ ಇಡುತ್ತದೆ. ಮೋಟರ್ ನಡೆಸುವ ಡ್ರೈವರ್ ಒಂದೊಂದನ್ನೂ 16 ಭಾಗ ಮಾಡಿದರೆ 3200. ಬಿಟ್ಟನ್ನು ಏರಿಸಿ ಇಳಿಸುವ ಲೀಡ್‌ಸ್ಕ್ರೂ ಒಂದು ಸುತ್ತಿಗೆ 8 ಮಿ.ಮೀ. ಸರಿಯುವಂಥದ್ದಾದರೆ ಮಿ.ಮೀ.ಗೆ 400 ಸ್ಟೆಪ್. 4 ಮಿ.ಮೀ. ಆದರೆ 800. ಸ್ಕ್ರೂ ಅಥವಾ ಡ್ರೈವರ್ ಸೆಟ್ಟಿಂಗ್ ಬದಲಾಗುವವರೆಗೆ ಈ ಸಂಖ್ಯೆ ಬದಲಾಗಲ್ಲ.

ಸರಿ, ತಪ್ಪೇ ಇದೆ ಅಂದುಕೊಳ್ಳಿ. ಶೇಕಡಾ 2ರಷ್ಟು ಕಮ್ಮಿ. ಆಗ 3 ಮಿ.ಮೀ. ಕೇಳಿದರೆ 2.94 ಇಳಿಯುತ್ತದೆ. ಎಡಗಡೆಯೂ 2.94, ಬಲಗಡೆಯೂ 2.94. ಹಲಗೆಯ ಯಾವ ಮೂಲೆಯಲ್ಲಿದ್ದೇನೆ ಅಂತ ಝಡ್ ಮೋಟರ್‌ಗೆ ಗೊತ್ತೇ ಇಲ್ಲ, ಅಲ್ವಾ? ಮತ್ತೆ ಒಂದು ಕಡೆ ಮಾತ್ರ ಹೇಗೆ ಮೋಸ ಮಾಡುತ್ತದೆ? ಸ್ಟೆಪ್ಸ್ ತಪ್ಪಿದ್ದರೆ ಎಲ್ಲ ಕಡೆ ಒಂದೇ ಸಮನಾಗಿ ತಪ್ಪುತ್ತದೆ. ನೀವು ಸುಮ್ನೆ ಸಂಖ್ಯೆ ತಿದ್ದಿ, ಇದ್ದ ಒಂದು ತೊಂದರೆಯನ್ನು ಎರಡು ಮಾಡಿಕೊಂಡಿದ್ದೀರಿ.

'ಪ್ರೋಬ್ ಪ್ಲೇಟ್ ಇಟ್ಟು ಝೀರೋ ಮಾಡಿದ್ದೇನಲ್ಲ' ಅನ್ನುವುದೂ ಇದೇ ಜಾತಿಯ ಮಾತು. ಪ್ರೋಬ್ ಪ್ಲೇಟ್ ಅಂದರೆ ಬಿಟ್ ತಾಗಿದ ತಕ್ಷಣ ಯಂತ್ರಕ್ಕೆ ಎತ್ತರ ತಿಳಿಸುವ ಲೋಹದ ತುಂಡು. ಅದನ್ನಿಟ್ಟ ಜಾಗದ ಎತ್ತರ ಸಿಕ್ಕಿತು, ಅಷ್ಟೇ. ಒಂದು ಅಡಿ ಆಚೆ ಏನಿದೆ ಅಂತ ಅದು ಹೇಳಲ್ಲ.

ನಿಜವಾದ ಕಾರಣ ಹುಡುಕಲು ಒಂದು ಕಾಗದದ ಚೂರು ಸಾಕು. ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟರ್) ಆಫ್ ಮಾಡಿ. ಬಿಟ್‌ನ ಕೆಳಗೆ ಕಾಗದ ಆಡಿಸುತ್ತಾ ಸ್ವಲ್ಪಸ್ವಲ್ಪವೇ ಇಳಿಸಿ, ಕಾಗದ ಹಿಡಿದುಕೊಂಡಾಗ ಝಡ್ ಎಷ್ಟು ತೋರಿಸುತ್ತದೆ ಬರೆದುಕೊಳ್ಳಿ. ನಾಲ್ಕು ಮೂಲೆ, ಒಂದು ನಡು. ಮೊದಲು ಖಾಲಿ ಬೆಡ್ (ಹಲಗೆ ಕೂರಿಸುವ ಯಂತ್ರದ ಮೇಜು) ಮೇಲೆ, ಆಮೇಲೆ ಕ್ಲ್ಯಾಂಪ್ ಹಾಕಿದ ಹಲಗೆ ಮೇಲೆ. 0.2 ಮಿ.ಮೀ. ವ್ಯತ್ಯಾಸ ಕಂಡರೆ 'ಇಷ್ಟೇನಾ' ಅನ್ನಬೇಡಿ. 90 ಡಿಗ್ರಿಯ ವಿ-ಬಿಟ್‌ನಲ್ಲಿ ಗೆರೆಯ ಅಗಲ ಆಳದ ಎರಡರಷ್ಟು, ಹಾಗಾಗಿ ಅಕ್ಷರದಲ್ಲಿ ಅದು 0.4 ಆಗಿ ಕಾಣುತ್ತದೆ.

ಬೆಡ್ಡೇ ಓರೆಯಿದ್ದರೆ ಮೇಲಿನ ಎಂಡಿಎಫ್ ಸ್ಪಾಯಿಲ್‌ಬೋರ್ಡನ್ನು (ಬೆಡ್‌ಗೆ ಪೆಟ್ಟು ಬೀಳದಂತೆ ಹಾಕುವ ಹಲಗೆ) ಅದೇ ಯಂತ್ರದಿಂದ ಹೆರೆಯಿರಿ. ಸ್ಕ್ರೂ ತಲೆಗಳು ಚೆನ್ನಾಗಿ ಒಳಗೆ ಹುದುಗಿರಲಿ. ಬೋರ್ಡ್ ತುಂಬ ಪೆನ್ಸಿಲ್‌ನಲ್ಲಿ ಅಡ್ಡಾದಿಡ್ಡಿ ಗೆರೆ ಎಳೆದು, ಅಗಲದ ಬಿಟ್ ಹಾಕಿ ತೆಳುವಾಗಿ ಹೆರೆಯುತ್ತಾ ಹೋಗಿ. ಮೊದಲ ಸುತ್ತಿಗೆ ಒಂದು ಬದಿಯ ಗೆರೆ ಪೂರ್ತಿ ಮಾಯ, ಇನ್ನೊಂದು ಬದಿಯದ್ದು ಹಾಗೇ ಇರುತ್ತದೆ. ಈ ಓರೆಯೇ ನಿಮ್ಮ ಅಕ್ಷರದಲ್ಲಿ ಕಂಡದ್ದು. ಕೊನೆಯ ಗೆರೆ ಅಳಿಸಿದಾಗ ನಿಲ್ಲಿಸಿ. ಬೋರ್ಡ್ ಬಿಚ್ಚಿ ಮತ್ತೆ ಹಾಕಿದರೆ ಮತ್ತೆ ಹೆರೆಯಬೇಕು.

ಬೆಡ್ ಸರಿಯಿದ್ದು ಹಲಗೆ ಮೇಲೆ ಮಾತ್ರ ವ್ಯತ್ಯಾಸ ಬಂದರೆ ಮರ ಡೊಂಕಾಗಿದೆ. ಅಂಚಿನಲ್ಲಷ್ಟೇ ಕ್ಲ್ಯಾಂಪ್ ಬಿದ್ದಾಗ ಪ್ಲೈವುಡ್‌ನ ನಡು ಉಬ್ಬುವುದುಂಟು, ಉಬ್ಬಿದ ಕಡೆ ಆಳ ಜಾಸ್ತಿ. ಕೆಳಗೆ ಡಬಲ್ ಸೈಡ್ ಟೇಪ್ ಹಾಕಿ. ಇನ್ನು ಜಾಗ ಯಾವುದೇ ಇರಲಿ, ಕೆಲಸ ನಡೆದಂತೆಲ್ಲ ಆಳ ಹೆಚ್ಚುತ್ತಾ ಹೋದರೆ ಕೊಲೆಟ್ (ಬಿಟ್ಟನ್ನು ಕಚ್ಚಿ ಹಿಡಿಯುವ ಭಾಗ) ನೋಡಿ. ಹಿಡಿತ ಸಡಿಲವಿದ್ದರೆ ಅಪ್‌ಕಟ್ ಬಿಟ್ (ಮರದ ಚೂರನ್ನು ಮೇಲಕ್ಕೆ ಎತ್ತುವ ಸುರುಳಿ ಬಿಟ್) ತನ್ನನ್ನು ತಾನೇ ಕೆಳಕ್ಕೆ ಎಳೆದುಕೊಳ್ಳುತ್ತದೆ. ಕೊಲೆಟ್ ನಟ್ ಅಂಚಿಗೆ ಸರಿಯಾಗಿ ಬಿಟ್ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಹಾಕಿ. ಕೆಲಸ ಮುಗಿದಾಗ ಗೆರೆ ಕೆಳಗೆ ಬಂದಿದ್ದರೆ ಬಿಟ್ ಜಾರಿದೆ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಝೀರೋ ಮರದ ಮೇಲಿಡಬೇಕೋ, ಬೆಡ್ ಮೇಲೋ? ಕೆತ್ತನೆಗೆ ಮರದ ಮೇಲೆ. ಪೂರ್ತಿ ಕತ್ತರಿಸಿ ತೆಗೆಯುವ ಕೆಲಸಕ್ಕೆ ಬೆಡ್ ಮೇಲೆ, ಯಾಕೆಂದರೆ 18 ಮಿ.ಮೀ. ಅಂತ ಕೊಟ್ಟ ಪ್ಲೈವುಡ್ ಸರಿಯಾಗಿ 18 ಇರುವುದು ಅಪರೂಪ. ಯಂತ್ರಕ್ಕೆ ಫೈಲ್ ತಯಾರಿಸುವ ಕ್ಯಾಮ್ ಸಾಫ್ಟ್‌ವೇರ್‌ನಲ್ಲೂ ಅದನ್ನೇ ಆರಿಸಿರಬೇಕು. ಫೈಲ್ ಮರದ ಮೇಲ್ಮೈ ಲೆಕ್ಕದ್ದು, ಯಂತ್ರದ ಝೀರೋ ಬೆಡ್‌ನದ್ದು ಅಂತಾದರೆ ಫೈಲ್‌ನ 5 ಮಿ.ಮೀ. 'ಸೇಫ್ ಹೈಟ್' (ಕೆತ್ತದೆ ಜಾಗ ಬದಲಿಸುವಾಗ ಬಿಟ್ ಇರುವ ಎತ್ತರ) ಮರದ ಹೊಟ್ಟೆಯೊಳಗೆ ಬೀಳುತ್ತದೆ. ಬಿಟ್ ಪೂರ್ತಿ ವೇಗದಲ್ಲಿ ಅಲ್ಲೇ ಅಡ್ಡ ಓಡಲು ನೋಡುತ್ತದೆ.