ಒಂದೇ ಗುಂಡು, ಮೂರು ವೇಗ

1970ರ ದಶಕದಲ್ಲಿ ಸೋವಿಯತ್ ಸೇನೆಗೆ ಒಂದೇ ಬಗೆಯ ಕಾಡತೂಸು ಹಾರಿಸುವ ಮೂರು ಬಂದೂಕುಗಳು ಬಂದವು. ಎಕೆ-74 ಸಾಮಾನ್ಯ ಸೈನಿಕನದು, ಅದರ ನಳಿಗೆ 415 ಮಿಲಿಮೀಟರ್. ಎಕೆಎಸ್-74ಯು ಟ್ಯಾಂಕ್ ಮತ್ತು ವಾಹನಗಳ ಸಿಬ್ಬಂದಿಗೆ. ಇಕ್ಕಟ್ಟಿನಲ್ಲಿ ಉದ್ದ ಬಂದೂಕು ಹಿಡಿಯುವುದು ಕಷ್ಟ ಅಲ್ವಾ? ಅದಕ್ಕೆ ಇದರ ನಳಿಗೆ ಬರೀ 206. ಆರ್‌ಪಿಕೆ-74 ಲೈಟ್ ಮಷಿನ್ ಗನ್, ನಳಿಗೆ 590. ಮೂರಕ್ಕೂ ಅದೇ ಗುಂಡು, ಅಷ್ಟೇ ಮದ್ದು. ಆದರೆ ಗಿಡ್ಡ ನಳಿಗೆಯಿಂದ ಗುಂಡು ಸೆಕೆಂಡಿಗೆ ಸುಮಾರು 735 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ನಡುವಿನದರಿಂದ 900, ಉದ್ದದ್ದರಿಂದ 960.

ಈ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಗಿಡ್ಡ ನಳಿಗೆಗೆ 209 ಮಿ.ಮೀ. ಸೇರಿಸಿದಾಗ 165 ಮೀಟರ್ ವೇಗ ಹೆಚ್ಚಿತು. ಅಲ್ಲಿಂದ ಮುಂದೆ 175 ಮಿ.ಮೀ. ಸೇರಿಸಿದರೆ ಸಿಕ್ಕಿದ್ದು 60 ಮಾತ್ರ. ಗುಂಡಿನ ತೂಕ ಸುಮಾರು ಮೂರೂವರೆ ಗ್ರಾಂ. ಶಕ್ತಿಯ ಲೆಕ್ಕ ಹಾಕಿದರೆ ಮೊದಲ ಹೆಚ್ಚಳದಲ್ಲಿ ಪ್ರತಿ ಸೆಂಟಿಮೀಟರಿಗೆ ಸುಮಾರು 22 ಜೂಲ್ ಬಂದಿದೆ, ಎರಡನೆಯದರಲ್ಲಿ ಸುಮಾರು 11. ಅಂದರೆ ಅರ್ಧಕ್ಕೆ ಅರ್ಧ ಕಡಿಮೆ.

ಹೀಗೇಕೆ? ಮದ್ದು ಉರಿದಾಗ ಹುಟ್ಟುವ ಬಿಸಿ ಅನಿಲವೇ ಗುಂಡನ್ನು ತಳ್ಳುವುದು. ಗುಂಡು ಕೆಲವೇ ಸೆಂಟಿಮೀಟರ್ ಸರಿಯುವಷ್ಟರಲ್ಲಿ ಒತ್ತಡ ತುತ್ತತುದಿ ಮುಟ್ಟುತ್ತದೆ. ಈಗಿನ ರೈಫಲ್‌ಗಳಲ್ಲಿ ಅದು ನಮ್ಮ ಸುತ್ತಲಿನ ಗಾಳಿಯ ಒತ್ತಡದ ಮೂರು, ನಾಲ್ಕು ಸಾವಿರ ಪಟ್ಟು. ಆಮೇಲೆ ಗುಂಡು ಮುಂದೆ ಹೋದಷ್ಟೂ ಅದರ ಹಿಂದೆ ಜಾಗ ಹೆಚ್ಚುತ್ತದೆ, ಅನಿಲ ಹರಡಿಕೊಳ್ಳುತ್ತದೆ, ಒತ್ತಡ ಬೇಗ ಬೇಗ ಇಳಿಯುತ್ತದೆ. ಇದೆಲ್ಲ ಮುಗಿಯಲು ಬೇಕಾದದ್ದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದ ಆಸುಪಾಸು. ನಳಿಗೆಯ ಕೊನೆಯ ಕಡೆಗೂ ಅನಿಲ ತಳ್ಳುತ್ತಲೇ ಇರುತ್ತದೆ, ಆದರೆ ಮೊದಲಿನ ಬಲ ಇರುವುದಿಲ್ಲ.

ನಳಿಗೆ ಗಿಡ್ಡವಾದರೆ ಆ ಬಲ ಮುಗಿಯುವ ಮೊದಲೇ ಗುಂಡು ಆಚೆ ಹೋಗಿಬಿಡುತ್ತದೆ. ಉಳಿದ ಅನಿಲ ಬಾಯಿಂದ ಸಿಡಿದು ದೊಡ್ಡ ಸದ್ದು, ದೊಡ್ಡ ಬೆಂಕಿ ಮಾಡುತ್ತದೆ. ಎಕೆಎಸ್-74ಯು ತುದಿಯಲ್ಲಿ ಅಗಲ ಬಾಯಿಯ ದಪ್ಪ ಕೊಳವೆಯೊಂದನ್ನು ಕೂರಿಸಿದ್ದು ಇದಕ್ಕೇ. ಅದು ಬೆಂಕಿಯನ್ನು ತಗ್ಗಿಸುತ್ತದೆ, ಜೊತೆಗೆ ಬಂದೂಕಿನ ಒಳಗಿನ ಯಂತ್ರ ಓಡಲು ಬೇಕಾದಷ್ಟು ಒತ್ತಡವನ್ನೂ ಉಳಿಸಿಕೊಡುತ್ತದೆ.

ಹಾಗಾದರೆ ನಳಿಗೆಯನ್ನು ಸುಮ್ನೆ ಉದ್ದ ಮಾಡುತ್ತಾ ಹೋದರೆ? ಒಂದು ಹಂತದಲ್ಲಿ ಅನಿಲದ ತಳ್ಳುವಿಕೆಗಿಂತ ನಳಿಗೆಯ ಉಜ್ಜಾಟವೇ ಜಾಸ್ತಿಯಾಗಿ ವೇಗ ಇಳಿಯಲು ಶುರುವಾಗುತ್ತದೆ. ದೊಡ್ಡ ಕಾಡತೂಸುಗಳಲ್ಲಿ ಆ ಹಂತ ಬಹಳ ದೂರ. ಆದರೆ ಗುರಿ ಅಭ್ಯಾಸಕ್ಕೆ ಬಳಸುವ ಚಿಕ್ಕ ಪಾಯಿಂಟ್ 22 (ಅಂದರೆ 0.22 ಇಂಚು ಅಗಲದ) ಕಾಡತೂಸಿನಲ್ಲಿ ಮದ್ದು ತೀರಾ ಕಡಿಮೆ. ಅಲ್ಲಿ ಸುಮಾರು 40 ಸೆಂಟಿಮೀಟರ್ ದಾಟಿದ ಮೇಲೆ ಉದ್ದದಿಂದ ಲಾಭವೇ ಇಲ್ಲದಂತಾಗುತ್ತದೆ.

ಈ ಲೆಕ್ಕವನ್ನು ಮೊದಲು ಸರಿಯಾಗಿ ಹಿಡಿದವರಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಮುಖ್ಯರು. ಅನಿಲಕ್ಕೆ ಜಾಗ ಹೆಚ್ಚಿದಷ್ಟೂ ಒತ್ತಡ ಇಳಿಯುತ್ತದೆ ಎನ್ನುವ ಬಾಯ್ಲ್ ನಿಯಮದಂತೆಯೇ ಮದ್ದಿನ ಅನಿಲವೂ ಹರಡುತ್ತದೆ ಎಂದು ಇಟ್ಟುಕೊಂಡು, ನಳಿಗೆಯ ಉದ್ದದಿಂದ ಗುಂಡಿನ ವೇಗ ಎಷ್ಟು ಬರಬೇಕೆಂದು 1742ರಲ್ಲೇ ಲೆಕ್ಕ ಕೊಟ್ಟರು. ಲೆಕ್ಕ ಕೊಟ್ಟು ಸುಮ್ಮನಾಗಲಿಲ್ಲ. ತೂಗಾಡುವ ಭಾರದ ಲೋಲಕಕ್ಕೆ ಗುಂಡು ಹೊಡೆದು, ಅದು ಎಷ್ಟು ಹಿಂದಕ್ಕೆ ಓಲಾಡಿತು ಎಂಬುದರಿಂದ ವೇಗವನ್ನು ಅಳೆದರು. ಮಿಲಿಸೆಕೆಂಡ್ ತೋರಿಸುವ ಗಡಿಯಾರವೇ ಇಲ್ಲದ ಕಾಲದಲ್ಲಿ ಇಂಥ ಉಪಾಯ ಹೊಳೆದದ್ದು ನನಗೆ ಇಂದಿಗೂ ಅಚ್ಚರಿ. ಮುಂದೆ ಅವರು ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಪಡಿಸಲು ನಮ್ಮ ದೇಶಕ್ಕೆ ಬಂದರು. 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡರು.

ಉದ್ದ ನಳಿಗೆ ಎಂದರೆ ಗುರಿಯೂ ಪಕ್ಕಾ ಎಂದು ಅನೇಕರು ನಂಬಿದ್ದಾರೆ. ಅದು ಬೇರೆಯೇ ವಿಷಯ. ಬರಿಗಣ್ಣಿನಿಂದ ಗುರಿ ಹಿಡಿಯುವಾಗ ಹಿಂದಿನ, ಮುಂದಿನ ಗುರಿಮಣಿಗಳ ನಡುವೆ ಅಂತರ ಹೆಚ್ಚಿದ್ದರೆ ತಪ್ಪು ಕಡಿಮೆಯಾಗುತ್ತದೆ, ನಿಜ. ದೂರದರ್ಶಕ ಕೂರಿಸಿದರೆ ಆ ಲಾಭ ಹೋಗುತ್ತದೆ. ಒಂದೇ ದಪ್ಪದ ಎರಡು ನಳಿಗೆಗಳಲ್ಲಿ ಹೊಡೆದಾಗ ಕಡಿಮೆ ಅದುರುವುದು ಗಿಡ್ಡದ್ದೇ.