ಗೋಧಿ ಬಿಯರ್‌ಗೆ ಎರಡನೇ ಪಾತ್ರೆ ಬೇಕೆ?

ಮನೆಯಲ್ಲಿ ಬಿಯರ್ ಮಾಡುವವರು ಹಳೆಯ ಕೈಪಿಡಿ ತೆರೆದರೆ, ಹುದುಗುವಾಗ ಏಳುವ ನೊರೆ ಇಳಿದ ಕೂಡಲೇ ಬಿಯರನ್ನು ಬೇರೆ ಪಾತ್ರೆಗೆ ವರ್ಗಾಯಿಸಿ ಎಂದಿರುತ್ತದೆ. ಹೊಸತರಲ್ಲಿ, ಅದನ್ನು ಮುಟ್ಟಲೇಬೇಡಿ ಎಂದಿರುತ್ತದೆ. ಎರಡಕ್ಕೂ ಕಾರಣಗಳಿವೆ, ಕಾಲ ಮಾತ್ರ ಬೇರೆ.

ಬ್ರಿಟನ್ 1963ರಲ್ಲಿ ಮನೆ ಬಿಯರಿನ ಪರವಾನಗಿಯನ್ನು ಕೈಬಿಟ್ಟಿತು, ಅಮೆರಿಕ 1978ರಲ್ಲಿ ಕಾನೂನು ತಿದ್ದಿತು, ಹವ್ಯಾಸ ಹಬ್ಬಿತು. ಆಗ ಸಿಗುತ್ತಿದ್ದ ಒಣ ಯೀಸ್ಟ್ ಬಹುಪಾಲು ಹಳತು, ದುರ್ಬಲ. ಸತ್ತ ಯೀಸ್ಟ್ ತಳದಲ್ಲಿ ಕರಗಿ ಬಿಯರಿಗೆ ಮಾಂಸದ ಸಾರಿನಂಥ ವಾಸನೆ ಕೊಡುತ್ತದೆಂಬ ಭಯ ದೊಡ್ಡ ಕಾರ್ಖಾನೆಗಳಿಂದ ಬಂತು. ಅಲ್ಲಿನ ಎತ್ತರದ ತೊಟ್ಟಿಗಳಲ್ಲಿ ತಳದ ಯೀಸ್ಟ್ ಮೇಲೆ ಒತ್ತಡ, ಬಿಸಿ ಎರಡೂ ಹೆಚ್ಚು. ಇಪ್ಪತ್ತು ಲೀಟರಿನ ಡಬ್ಬದಲ್ಲಿ ಕೆಲವು ವಾರಗಳ ಮಟ್ಟಿಗೆ ಆ ಅಪಾಯ ತೀರಾ ಕಡಿಮೆ. ಆದರೂ ಸಲಹೆ ಮಾತ್ರ ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಲೇ ಹೋಯಿತು.

ಈ ನಡುವೆ ಗಾಳಿಯನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನನಗೆ ಮುಖ್ಯವೆನಿಸುವುದು ಇದೇ. ಯೀಸ್ಟ್ ಹಾಕುವ ಮುನ್ನ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ರಸಕ್ಕೆ ಆಮ್ಲಜನಕ ಬೇಕು, ಯೀಸ್ಟ್ ಬೆಳೆಯುವುದೇ ಅದರಿಂದ. ಹುದುಗುವಾಗ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಪಾತ್ರೆಯೊಳಗಿನ ಗಾಳಿಯನ್ನು ಹೊರದೂಡುತ್ತದೆ. ಅಲ್ಲಿಂದಾಚೆಗೆ ಅದೇ ಆಮ್ಲಜನಕ ಹಗೆ. ಎರಡನೇ ಪಾತ್ರೆ ತುಂಬಾ ಗಾಳಿ. ಅದನ್ನು ದೂಡುವಷ್ಟು ಅನಿಲ ಇನ್ನು ಹುಟ್ಟುವುದಿಲ್ಲ. ಆಮ್ಲಜನಕವನ್ನು ಹೀರಬಲ್ಲ ಯೀಸ್ಟಿನ ದೊಡ್ಡ ಪಾಲೂ ಹಿಂದಿನ ಪಾತ್ರೆಯ ತಳದಲ್ಲೇ ಉಳಿದುಬಿಡುತ್ತದೆ. ಭಾರವಾದ ಅನಿಲ ಮೇಲೆ ಹೊದಿಕೆಯಂತೆ ಕೂತು ಕಾಯುತ್ತದೆಂಬ ನಂಬಿಕೆಯೂ ನಿಲ್ಲದು, ಅನಿಲಗಳು ಬೆರೆಯುತ್ತವೆ. ಕ್ರಮೇಣ ಬಣ್ಣ ಗಾಢವಾಗುತ್ತದೆ, ಒದ್ದೆ ರಟ್ಟಿನ ರುಚಿ ಇಣುಕುತ್ತದೆ.

ಗೋಧಿ ಬಿಯರಿಗಂತೂ ಈ ಕಷ್ಟ ಯಾಕೆಂದೇ ತಿಳಿಯದು. ಬಿಯರನ್ನು ತಿಳಿಯಾಗಿಸುವುದು ಎರಡನೇ ಪಾತ್ರೆಯ ದೊಡ್ಡ ಲಾಭ. ಜರ್ಮನಿಯ ಬವೇರಿಯಾ ಶೈಲಿಯ ಗೋಧಿ ಬಿಯರ್ ಮಬ್ಬಾಗಿಯೇ ಇರಬೇಕು. ಗೋಧಿಯ ಪ್ರೋಟೀನು, ತೇಲುವ ಯೀಸ್ಟ್ ಅದರ ಲಕ್ಷಣ. ಬಾಳೆಹಣ್ಣು, ಲವಂಗದ ಪರಿಮಳ ಯೀಸ್ಟಿನದ್ದೇ, ತಾಜಾ ಇದ್ದಾಗಲೇ ಚೆನ್ನ.

ಹಣ್ಣು ಸೇರಿಸುವಾಗ, ಹುಳಿ ಬಿಯರನ್ನು ತಿಂಗಳುಗಟ್ಟಲೆ ಇಡುವಾಗ ಎರಡನೇ ಪಾತ್ರೆಗೆ ಈಗಲೂ ಕೆಲಸವಿದೆ. ಗೋಧಿ ಬಿಯರಿಗಾದರೆ ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಸಾಧನ) ಎರಡು-ಮೂರು ದಿನ ಒಂದೇ ಅಂಕಿ ತೋರಿಸಲಿ, ಹುದುಗುವಿಕೆ ಮುಗಿದಿದೆ ಎಂದರ್ಥ. ಆಮೇಲೆ ಅಳತೆಯ ಸಕ್ಕರೆ ಬೆರೆಸಿ, ಕೊಳವೆಯ ತುದಿಯನ್ನು ಬಾಟಲಿಯ ತಳಕ್ಕೆ ತಾಗಿಸಿ, ಚಿಮ್ಮದಂತೆ ತುಂಬಬೇಕು. ಬಾಟಲಿಯಲ್ಲಿ ಮತ್ತೆ ಎಚ್ಚರಗೊಳ್ಳುವ ಯೀಸ್ಟ್, ಒಳಗೆ ಸಿಕ್ಕಿಬಿದ್ದ ಆಮ್ಲಜನಕದಲ್ಲಿ ಒಂದು ಪಾಲನ್ನು ತಾನೇ ಹೀರಿಕೊಳ್ಳುತ್ತದೆ.